ರಾಜಕೀಯ ಚಿತ್ರಗಳಲ್ಲಿ ವಾದ್ಯವೃಂದದ ಕೆಲಸ

ಚಲನಚಿತ್ರ ಸಂಗೀತವೆಂದಾಗ ನಿಮಗೆ ಮೊದಲು ನೆನಪಾಗುವುದು ಹಾಡುಗಳು. ಆದರೆ ಹಾಡಿಲ್ಲದ ದೃಶ್ಯಗಳಲ್ಲೂ ಸಂಗೀತ ಕೆಲಸ ಮಾಡುತ್ತಿರುತ್ತದೆ. ಅದೇ ಹಿನ್ನೆಲೆ ಸಂಗೀತ. ನಾವು ಅದನ್ನು ಕೇಳುತ್ತೇವೆ, ಗಮನಿಸುವುದಿಲ್ಲ. ರಾಜಕೀಯ ಕಥೆಯ ಚಿತ್ರಗಳನ್ನು ನೋಡುವಾಗಲಂತೂ ಅದನ್ನು ಗಮನಿಸಲೇಬೇಕು. ಏಕೆಂಬುದನ್ನು ನೋಡೋಣ.

ಯುದ್ಧದ ದೃಶ್ಯದಲ್ಲಿ ಕುದುರೆ, ಕತ್ತಿ, ಧೂಳು ಎಲ್ಲವೂ ಕಣ್ಣಿಗೆ ಕಾಣುತ್ತವೆ. ಅಧಿಕಾರದ ಕಥೆ ಹಾಗಲ್ಲ. ಅಲ್ಲಿ ದೊಡ್ಡ ಘಟನೆಗಳು ನಡೆಯುವುದು ಮಾತಿನಲ್ಲಿ: ಒಂದು ಸಭೆ, ಒಂದು ಗುಟ್ಟಿನ ಸಂಭಾಷಣೆ, ಕಾಗದದ ಮೇಲೆ ಒಂದು ಸಹಿ. ಸಹಿ ಹಾಕುವುದಕ್ಕೆ ಒಂದು ಕ್ಷಣ ಸಾಕು. ಅದರ ಪರಿಣಾಮವನ್ನು ಊರೂರೇ ಅನುಭವಿಸಬೇಕಾಗುತ್ತದೆ. ಆ ಭಾರವನ್ನು ಪ್ರೇಕ್ಷಕನಿಗೆ ಮುಟ್ಟಿಸುವ ಹೊಣೆ ಬಹುಮಟ್ಟಿಗೆ ವಾದ್ಯವೃಂದದ್ದು.

ಹಂಪಿ, ಹೊಸಪೇಟೆ, ಕಂಪ್ಲಿ, ಸಂಡೂರುಗಳ ಸೀಮೆ ಇಂಥ ಕಥೆಗಳಿಗೆ ಹೆಸರಾದದ್ದು. ಹಂಪಿಯಿಂದ ಆಳಿದ, ಇಂದಿನ ಹೊಸಪೇಟೆಯನ್ನು ನಾಗಲಾಪುರವೆಂಬ ಹೆಸರಿನಲ್ಲಿ ಕಟ್ಟಿಸಿದ ದೊರೆಯ ಕಥೆ 'ಶ್ರೀ ಕೃಷ್ಣದೇವರಾಯ' ಚಿತ್ರದಲ್ಲಿದೆ. 1970ರಲ್ಲಿ ಬಿ.ಆರ್. ಪಂತುಲು ಅವರು ಇದನ್ನು ನಿರ್ದೇಶಿಸಿದರು. ರಾಜನಾಗಿ ರಾಜಕುಮಾರ್, ಮಂತ್ರಿ ತಿಮ್ಮರಸುವಾಗಿ ಸ್ವತಃ ಪಂತುಲು ಅಭಿನಯಿಸಿದರು. ಸಂಗೀತ ಟಿ.ಜಿ. ಲಿಂಗಪ್ಪ ಅವರದು. ಕಂಪ್ಲಿಯ ರಾಜಕುಮಾರನ ಕಥೆಯನ್ನು 'ಗಂಡುಗಲಿ ಕುಮಾರರಾಮ' ಚಿತ್ರ ಹೇಳಿತು. ಅದಕ್ಕೆ ಸಂಗೀತ ನೀಡಿದವರು ಗುರುಕಿರಣ್. ನಮ್ಮ ಕಾಲದ ಕಥೆಯೂ ಉಂಟು. 2010ರ 'ಪೃಥ್ವಿ' ಚಿತ್ರದಲ್ಲಿ ಪುನೀತ್ ರಾಜಕುಮಾರ್ ಬಳ್ಳಾರಿಯ ಜಿಲ್ಲಾಧಿಕಾರಿಯಾಗಿ ಅಕ್ರಮ ಗಣಿಗಾರಿಕೆಯನ್ನು ಎದುರಿಸುತ್ತಾರೆ. ಅದರ ಸಂಗೀತ ಮಣಿಕಾಂತ್ ಕದ್ರಿ ಅವರದು.

ಹಿನ್ನೆಲೆ ಸಂಗೀತ ಸಿದ್ಧವಾಗುವುದು ಹೇಗೆ? ಸಾಮಾನ್ಯವಾಗಿ ಚಿತ್ರೀಕರಣ, ಸಂಕಲನ ಮುಗಿದ ಮೇಲೆ. ಹಿಂದೆ ಕನ್ನಡ ಚಿತ್ರಗಳ ಈ ಕೆಲಸ ಹೆಚ್ಚಾಗಿ ಮದರಾಸಿನಲ್ಲಿ ನಡೆಯುತ್ತಿತ್ತು. ತೆರೆಯ ಮೇಲೆ ದೃಶ್ಯ ಓಡುತ್ತಿರುವಾಗ ನಿರ್ವಾಹಕರು ಅದನ್ನು ನೋಡುತ್ತ ಕೈಸನ್ನೆ ಮಾಡುತ್ತಿದ್ದರು. ಕಲಾವಿದರೆಲ್ಲ ಒಟ್ಟಾಗಿ ಕುಳಿತು ನುಡಿಸುತ್ತಿದ್ದರು. ಇಂದು ವಾದ್ಯಗಳನ್ನು ಬೇರೆ ಬೇರೆಯಾಗಿ ಮುದ್ರಿಸಿ ಕಂಪ್ಯೂಟರಿನಲ್ಲಿ ಜೋಡಿಸುವುದು ವಾಡಿಕೆ.

ಒಂದೇ ಪಿಟೀಲಿನ ಬದಲು ಹತ್ತು ಪಿಟೀಲುಗಳು ಏಕೆ ಬೇಕು? ಹತ್ತರಷ್ಟು ಗಟ್ಟಿಯಾಗಿ ಕೇಳಲಿ ಎಂದಲ್ಲ. ಹತ್ತು ಪಿಟೀಲುಗಳು ಕೂಡಿದಾಗ ಧ್ವನಿಯ ಮಟ್ಟ ಏರುವುದು ಸುಮಾರು 10 ಡೆಸಿಬೆಲ್. ನಮ್ಮ ಕಿವಿಗೆ ಅದು ಸುಮಾರು ಎರಡರಷ್ಟು ಮಾತ್ರ. ಆದರೆ ಹತ್ತು ಜನರ ಶ್ರುತಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿರುವುದರಿಂದ ನಾದಕ್ಕೆ ಒಂದು ದಪ್ಪ, ಒಂದು ವಿಸ್ತಾರ ಬರುತ್ತದೆ. ಒಬ್ಬ ವ್ಯಕ್ತಿಯ ದನಿ ಸಮೂಹದ ದನಿಯಾಗುತ್ತದೆ. ರಾಜ್ಯ, ಪ್ರಜೆ, ಸೇನೆ ಎಂಬ ಭಾವ ಹುಟ್ಟುವುದು ಇದರಿಂದಲೇ. ಸಂಭಾಷಣೆ ಬಂದಾಗ ವೃಂದ ಹಿಂದೆ ಸರಿದು, ಮಾತಿನ ಸ್ಥಾಯಿಗಿಂತ ಕೆಳಗೋ ಮೇಲೋ ನಿಂತು ದಾರಿ ಬಿಡುತ್ತದೆ.

ಈಗ ಒಂದು ಪ್ರಯೋಗ ಮಾಡೋಣ. ರಾಜಕುಮಾರ ತಿರುಮಲ ವಿಷದಿಂದ ಸತ್ತನೆಂದೂ, ಸಂಶಯ ತಿಮ್ಮರಸುವಿನ ಮೇಲೆ ಬಂದು ರಾಯನು ಅವನ ಕಣ್ಣು ಕೀಳಿಸಿದನೆಂದೂ ಪೋರ್ಚುಗೀಸ್ ಲೇಖಕ ನೂನಿಜ್ ಬರೆದಿದ್ದಾನೆ. ರಾಜನು ಆಜ್ಞೆ ಕೊಡುವ ಆ ಕ್ಷಣಕ್ಕೆ ನೀವೇ ಸಂಗೀತ ನಿರ್ದೇಶಕರೆಂದುಕೊಳ್ಳಿ. ಚೆಲ್ಲೋ ವಾದ್ಯದ ನಿಧಾನವಾದ ಸ್ವರ ಹಾಕಿದರೆ ಪ್ರೇಕ್ಷಕ ಮುದಿ ಮಂತ್ರಿಗಾಗಿ ಮರುಗುತ್ತಾನೆ. ಕಹಳೆ, ನಗಾರಿಗಳನ್ನು ಮೊಳಗಿಸಿದರೆ ಅದೇ ಆಜ್ಞೆ ರಾಜನ್ಯಾಯವಾಗಿ ಕೇಳಿಸುತ್ತದೆ. ಏನನ್ನೂ ನುಡಿಸದಿದ್ದರೆ? ಆಗ ತೀರ್ಪು ಪ್ರೇಕ್ಷಕನ ಪಾಲಿಗೆ ಬರುತ್ತದೆ. ನಟರು ಅವರೇ, ಮಾತು ಅದೇ. ಬದಲಾದದ್ದು ಸಂಗೀತ ಮಾತ್ರ.

ಕಂಪ್ಲಿಯ ಕಥೆಯಲ್ಲೂ ಇಂಥದೇ ಪ್ರಶ್ನೆ. ಸುಲ್ತಾನ ಮಹಮ್ಮದ್ ಬಿನ್ ತುಘಲಕನ ವಿರುದ್ಧ ಬಂಡೆದ್ದ ಬಹಾವುದ್ದೀನನಿಗೆ ಕಂಪಿಲರಾಯ ಆಶ್ರಯ ಕೊಟ್ಟ. 1327ರಲ್ಲಿ ರಾಜ್ಯವೇ ಹೋಯಿತು. ಇದು ಶರಣಾಗತನ ರಕ್ಷಣೆಯ ಹಿರಿಮೆಯೇ, ಪ್ರಜೆಗಳನ್ನು ಅಪಾಯಕ್ಕೊಡ್ಡಿದ ತಪ್ಪೇ? ಚರಿತ್ರೆಯ ವಿದ್ಯಾರ್ಥಿ ಎರಡನ್ನೂ ತೂಗಬೇಕು. ವೀರಗೀತೆಯೊಂದು ಮೊಳಗಿದರೆ ತಕ್ಕಡಿ ಆಗಲೇ ಒಂದು ಕಡೆ ವಾಲುತ್ತದೆ.

ಇನ್ನೊಂದು ಮಾತು ನೆನಪಿರಲಿ. ಹಂಪಿಯ ಮಹಾನವಮಿ ದಿಬ್ಬದ ಶಿಲ್ಪಗಳಲ್ಲಿ ವಾದ್ಯ ನುಡಿಸುವವರು ಇದ್ದಾರೆ. ಆದರೆ ಪಿಟೀಲು ನಮ್ಮ ಶಾಸ್ತ್ರೀಯ ಸಂಗೀತಕ್ಕೆ ಬಂದದ್ದು ಸುಮಾರು 1800ರ ವೇಳೆಗೆ. ಕೃಷ್ಣದೇವರಾಯ ಆಳಿದ್ದು 1509ರಿಂದ 1529ರವರೆಗೆ. ಆದ್ದರಿಂದ ಅವನ ಆಸ್ಥಾನದ ದೃಶ್ಯದಲ್ಲಿ ಕೇಳುವ ಪಿಟೀಲು ಚರಿತ್ರೆಯ ದಾಖಲೆಯಲ್ಲ. ಅದು ಭಾವದ ಸಾಧನ.

ಹೊರನಾಡಿನ ಒಂದು ಉದಾಹರಣೆ ನೋಡಿ. ಅಮೆರಿಕದ ಅಧ್ಯಕ್ಷ ನಿಕ್ಸನ್ನರ ವಾಟರ್‌ಗೇಟ್ ಹಗರಣವನ್ನು ಪತ್ರಕರ್ತರು ಬಯಲಿಗೆಳೆದ ಕಥೆ 'ಆಲ್ ದಿ ಪ್ರೆಸಿಡೆಂಟ್ಸ್ ಮೆನ್' 1976ರಲ್ಲಿ ಬಂತು. ಡೇವಿಡ್ ಶೈರ್ ಅದಕ್ಕೆ ನೀಡಿದ ಸಂಗೀತ ಬಹಳ ಮಿತವಾದದ್ದು. ಅಲ್ಲಿ ಬೆರಳಚ್ಚು ಯಂತ್ರದ ಸದ್ದೇ ನಗಾರಿಯಂತೆ ಕೇಳುತ್ತದೆ. ಮೌನವೂ ಸಂಗೀತ ನಿರ್ದೇಶಕನ ಆಯ್ಕೆಯೇ ಎಂಬುದು ಇದರಿಂದ ಸ್ಪಷ್ಟ.

ಇದೆಲ್ಲ ನಿಮಗೇಕೆ ಮುಖ್ಯ? ಸಂಡೂರಿನ ವಿದ್ಯಾರ್ಥಿಗೆ ಗಣಿ ಎಂಬುದು ಬರಿಯ ಸಿನಿಮಾ ಕಥೆಯಲ್ಲ. ಅದು ಮನೆಯ ಅನ್ನ, ರಸ್ತೆಯ ಕೆಂಧೂಳು ಎರಡೂ ಹೌದು. 'ಪೃಥ್ವಿ' ಬಂದ ಮರುವರ್ಷ, 2011ರ ಜುಲೈನಲ್ಲಿ, ಲೋಕಾಯುಕ್ತರ ವರದಿ ಸಲ್ಲಿಕೆಯಾಯಿತು; ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. ವರದಿಗೂ ತೀರ್ಪಿಗೂ ಹಿನ್ನೆಲೆ ಸಂಗೀತ ಇರುವುದಿಲ್ಲ. ಅಲ್ಲಿ ಸಾಕ್ಷ್ಯವನ್ನು ಓದಿ ಸರಿತಪ್ಪು ತಿಳಿಯಬೇಕು. ನಾಳೆ ಮತದಾರರಾಗುವ ನೀವು ಮಾಡಬೇಕಾದ ಕೆಲಸವೂ ಅದೇ.

ಆದುದರಿಂದ ಮುಂದಿನ ಬಾರಿ ಇಂಥ ಚಿತ್ರ ನೋಡುವಾಗ ಒಂದು ದೃಶ್ಯವನ್ನು ಮೊದಲು ದನಿಯಿಲ್ಲದೆ, ಆಮೇಲೆ ದನಿಯೊಡನೆ ನೋಡಿ. ವಾದ್ಯಗಳು ಯಾರ ಪರ ನಿಂತವು, ಎಲ್ಲಿ ಸುಮ್ಮನಾದವು ಎಂದು ಟಿಪ್ಪಣಿ ಬರೆದುಕೊಳ್ಳಿ. ಸಂಗೀತವನ್ನು ಮನಸಾರೆ ಸವಿಯಿರಿ. ತೀರ್ಪನ್ನು ಮಾತ್ರ ಅದರ ಕೈಗೆ ಕೊಡಬೇಡಿ.