ಚಂದ್ರನ ಇಟ್ಟಿಗಿಗೆ ಚವಳಿಕಾಯಿ ಅಂಟು

ಕದರಮಂಡಲಗಿ ಹುಡುಗ್ರಾ, ಸೂರ್ಯನ್ನ ಹಣ್ಣಂತ ಹಾರಿದ ಹನುಮಪ್ಪ ನಿಮ್ಮೂರಾಗ ಅದಾನ. ಆಕಾಶದ ಮಾತು ಇಲ್ಲೇ ಆಗಬೇಕು! ನಾನು ರಾಕೆಟ್ ಎಂಜಿನಿಯರ್ ಅಲ್ಲ, ಸೂಕ್ಷ್ಮಜೀವಿ ಸಂಶೋಧಕಿ. ಬಿಡುವಿದ್ದಾಗ ಮಕ್ಕಳಿಗೆ ಬಾಹ್ಯಾಕಾಶದ ಪಾಠ ಮಾಡ್ತೀನಿ. ಸೂಕ್ಷ್ಮಜೀವಿ ಸಂಶೋಧಕರಿಗೇನು ಕೆಲಸ ಬಾಹ್ಯಾಕಾಶದಾಗ? ಭಾಳ ಐತಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೋ ಸೇರಿ 2020ರಾಗ ಚಂದ್ರನ ಮಣ್ಣಿನಂಥಾ ಪುಡಿಲೆ ಇಟ್ಟಿಗಿ ಮಾಡಿ ತೋರಿಸಿದ್ರು. ಭಟ್ಟಿಯಾಗ ಸುಡಲಿಲ್ಲ. ಸ್ಪೋರೊಸಾರ್ಸಿನಾ ಪಾಶ್ಚುರಿ ಅನ್ನೋ ಬ್ಯಾಕ್ಟೀರಿಯಾ ಯೂರಿಯಾ ಒಡೀತೈತಿ, ಸುಣ್ಣದಕಲ್ಲಿನ ಹರಳು ಕಟ್ಟತೈತಿ, ಪುಡಿ ಗಟ್ಟಿ ಆಗತೈತಿ. ಜತಿಗೆ ಗೌರ್ ಗಮ್, ಅಂದ್ರ ನಮ್ಮ ಚವಳಿಕಾಯಿ ಬೀಜದ ಅಂಟು! ಯೂರಿಯಾ ಎಲ್ಲಿಂದ? ಮನುಷ್ಯರ ಉಚ್ಚಿಯಿಂದನೂ ತೆಗೀಬಹುದು. ನಗಬ್ಯಾಡ್ರಿ, ಖರೇನ ಹೇಳಾಕತ್ತೀನಿ.

ಇಟ್ಟಿಗಿ ಅಷ್ಟ ಅಲ್ಲ, ಊಟದಾಗೂ ನಮ್ಮ ಕೆಲಸ ಐತಿ. 2025ರಾಗ ಗಗನಯಾತ್ರಿ ಶುಭಾಂಶು ಶುಕ್ಲಾ ಅಂತರಿಕ್ಷ ನಿಲ್ದಾಣದಾಗ ಮೊಳಕಿ ಬರಿಸಿದ ಹೆಸರುಕಾಳು, ಮೆಂತ್ಯದ್ದು ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಐಐಟಿಯವರ ಪ್ರಯೋಗ. ಮೊಳಕಿಯಾಗಿನ ಸೂಕ್ಷ್ಮಜೀವಿ ನೋಡೋದೂ ಆ ಪ್ರಯೋಗದ ಭಾಗ.