ತಲೆಯಿಂದ ಹುಟ್ಟಿದ ‘ರಾಸು’

ಚನ್ನರಾಯಪಟ್ಟಣ ತಾಲ್ಲೂಕಿನ ಹಿರೀಸಾವೆ ಹೋಬಳಿಯ ಬೂಕನಬೆಟ್ಟದಲ್ಲಿ ಸಂಕ್ರಾಂತಿಯ ಆಸುಪಾಸಿಗೆ ರಂಗನಾಥಸ್ವಾಮಿ ಜಾತ್ರೆ ಕೂಡುತ್ತದೆ. ಹುಲ್ಲು ಹರಡಿದ ಬಯಲಿನಲ್ಲಿ ಹೋರಿಗಳ ಜೋಡಿ ಸಾಲುಗಟ್ಟಿ ನಿಂತಿರುತ್ತವೆ. ಕೊಳ್ಳಲು ಬಂದವನು ಮೊದಲು ದರ ಕೇಳುವುದಿಲ್ಲ. ಹೋರಿಯ ಮೂಗುದಾರ ಹಿಡಿದು, ವಯಸ್ಸು ತಿಳಿಯಲು ಕೆಳತುಟಿ ಬಗ್ಗಿಸಿ ಒಳಗೆ ನೋಡುತ್ತಾನೆ. ಹಾಲುಹಲ್ಲೋ, ಎರಡು ಹಲ್ಲೋ, ಆರು ಹಲ್ಲೋ, ಬಾಯಿಗೂಡಿದೆಯೋ? ಆಮೇಲೆ ಸುಳಿ, ಗೊರಸು, ನಡಿಗೆ. ಎಲ್ಲ ಒಪ್ಪಿಗೆಯಾದ ಮೇಲೆ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ. ಈ ಹೊತ್ತಿನಲ್ಲೆಲ್ಲ ನಾಲಿಗೆಯ ಮೇಲಿರುವ ಮಾತು ಒಂದೇ: ‘ರಾಸು’.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಇದು ದಿನಬಳಕೆಯ ಪದ. ಅಚ್ಚಗನ್ನಡದಂತೆ ಕೇಳಿಸುವ ಈ ಪದ ಹೊರಗಿನಿಂದ ಬಂದದ್ದು. ಅರಬ್ಬಿಯಲ್ಲಿ ‘ರಅಸ್’ ಎಂದರೆ ತಲೆ. ಮರಾಠಿ, ಹಿಂದೂಸ್ತಾನಿಗಳಲ್ಲಿ ಕುದುರೆ, ಎತ್ತುಗಳನ್ನು ಎಣಿಸುವಾಗ ಇಷ್ಟು ‘ರಾಸ್’ ಎನ್ನುತ್ತಿದ್ದರು. ಅಂದರೆ ಇಷ್ಟು ತಲೆ. ಕಾಳಿನ ‘ರಾಶಿ’ಗೂ ಇದಕ್ಕೂ ನಂಟಿಲ್ಲ. ಲೆಕ್ಕದ ಪುಸ್ತಕದಲ್ಲಿದ್ದ ಮಾತು ಕನ್ನಡಕ್ಕೆ ಬಂದು, ಎಣಿಕೆಯನ್ನು ಕಳಚಿಕೊಂಡು, ಎದುರಿಗೆ ನಿಂತ ಜೀವಕ್ಕೇ ಹೆಸರಾಯಿತು.

ಇಂಗ್ಲಿಷಿನ ‘ಕ್ಯಾಟಲ್’ ಕೂಡ ಮೂಲದಲ್ಲಿ ತಲೆಯೇ. ತಲೆ ಎಂಬ ಅರ್ಥದ ಲ್ಯಾಟಿನ್ ‘ಕಾಪುಟ್’ನಿಂದ ಆಸ್ತಿ ಎಂಬ ಅರ್ಥದ ‘ಕಾಪಿಟಾಲೆ’ ಬಂತು. ಅದೇ ಮುಂದೆ ‘ಕ್ಯಾಟಲ್’ ಆಯಿತು. ‘ಜಾನುವಾರು’ ಬೇರೆಯ ಕಥೆ ಹೇಳುತ್ತದೆ: ಪಾರಸಿಯ ‘ಜಾನ್’ ಎಂದರೆ ಉಸಿರು, ಜೀವ. ಪ್ರಾಣವಿರುವುದು ಪ್ರಾಣಿಯಾದಂತೆ, ಜಾನ್ ಇರುವುದು ಜಾನುವಾರು.

ರಾಸು ಬರುವ ಮೊದಲು ಇಲ್ಲಿಯವರು ಏನೆನ್ನುತ್ತಿದ್ದರು? ಹಳಗನ್ನಡದ ಮಾತು ‘ತುರು’. ದನ ಹೊಡೆದುಕೊಂಡು ಹೋಗುವವರನ್ನು ತಡೆಯುತ್ತಾ ಸತ್ತವರ ವೀರಗಲ್ಲುಗಳು ಈ ಸೀಮೆಯಲ್ಲೂ ನಿಂತಿವೆ. ಅಂಥ ಕಾಳಗಕ್ಕೆ ‘ತುರುಗೋಳ್’ ಎಂದೇ ಹೆಸರು. ಕಲ್ಲಿನ ಕೆಳಗಿನ ಅಂಕಣದಲ್ಲಿ ಹೋರಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. 12ನೇ ಶತಮಾನದ ವಚನಕಾರ ತುರುಗಾಹಿ ರಾಮಣ್ಣನ ಕಸುಬು ಅವನ ಹೆಸರಲ್ಲೇ ಇದೆ. ‘ದನ’ವನ್ನು ‘ಧನ’ದ ತದ್ಭವ ಎನ್ನುತ್ತಾರೆ. ತುರುವಿಗಾಗಿ ಕಾದಾಡಿದರು, ದನವನ್ನು ಸಂಪತ್ತೆಂದರು, ರಾಸನ್ನು ಎಣಿಸಿದರು.

ಹಾಗೆ ಎಣಿಸಿದ ಬಹುದೊಡ್ಡ ವ್ಯವಸ್ಥೆಯೊಂದು ಮೈಸೂರು ಸೀಮೆಯಲ್ಲೇ ಇತ್ತು. ಚಿಕ್ಕದೇವರಾಜ ಒಡೆಯರ (1673–1704) ಕಾಲದಲ್ಲಿ ಅರಮನೆಗೆ ಹಾಲು, ಬೆಣ್ಣೆ ಒದಗಿಸುತ್ತಿದ್ದ ದನಗಳ ಇಲಾಖೆಗೆ ‘ಬೆಣ್ಣೆ ಚಾವಡಿ’ ಎಂದು ಹೆಸರು. ಎಷ್ಟು ತಂಪಾದ ಹೆಸರು! ಹೈದರನ ಕಾಲಕ್ಕೆ ಇಲ್ಲಿಯ ಎತ್ತುಗಳು ಫಿರಂಗಿ ಎಳೆದವು. ಟಿಪ್ಪು ಇಲಾಖೆಯ ಹೆಸರನ್ನು ‘ಅಮೃತ ಮಹಲ್’ ಎಂದು ಬದಲಿಸಿ, ಪಾಲನೆಗೆ ಹುಕುಂನಾಮೆ ಹೊರಡಿಸಿದ. ವರ್ಷಕ್ಕೊಮ್ಮೆ ಮಂದೆಗಳನ್ನು ಸೇರಿಸಿ ಎಣಿಸುವಾಗ ಹಲವು ಬಾರಿ ತಾನೇ ಬಂದು ಇನಾಮು ಕೊಡುತ್ತಿದ್ದನಂತೆ. 1799ರ ನಂತರ ಮಂದೆ ಇಂಗ್ಲಿಷರ ಕೈಸೇರಿತು. 1860ರಲ್ಲಿ ಖರ್ಚು ಉಳಿಸುವ ನೆಪದಲ್ಲಿ ಮಾರಿದರು. ಸೈನ್ಯಕ್ಕೆ ಒಳ್ಳೆಯ ಎತ್ತು ಸಿಗದಾದಾಗ ತಪ್ಪು ಅರಿವಾಗಿ 1866ರಲ್ಲಿ ಮತ್ತೆ ಕಟ್ಟತೊಡಗಿದರು. ತಲೆಮಾರುಗಳು ಕಾಪಾಡಿದ ತಳಿ ಒಂದು ಸಹಿಗೆ ಚೆದುರಿಹೋಗಬಲ್ಲದು ಎಂಬುದು ಓದುವಾಗ ಇಂದಿಗೂ ನೋವು ತರುತ್ತದೆ.

ಮಂದೆ ಮೇಯಲು ಮೀಸಲಿಟ್ಟ ಹುಲ್ಲುಗಾವಲೇ ‘ಕಾವಲು’. ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು. ಹಾಸನ ಜಿಲ್ಲೆಯಲ್ಲೂ ಇದ್ದ ಇಂಥ ಕಾವಲುಗಳು ದನಕ್ಕಷ್ಟೇ ಅಲ್ಲ, ಬಯಲು ಸೀಮೆಯ ಕಾಡುಜೀವಿಗಳಿಗೂ ಆಸರೆ. ಪಕ್ಕದ ಕಡೂರು ತಾಲ್ಲೂಕಿನ ಬಾಸೂರು ಅಮೃತ ಮಹಲ್ ಕಾವಲನ್ನು 2011ರಲ್ಲಿ ಸಂರಕ್ಷಿತ ಪ್ರದೇಶವೆಂದು ಸಾರಿದ್ದು ಅಲ್ಲಿಯ ಕೃಷ್ಣಮೃಗಗಳಿಗಾಗಿ.

ಅಮೃತ ಮಹಲ್ ತಳಿಗೆ ಮೂಲವಾದ ಹಳ್ಳಿಕಾರ್ ಮಾತ್ರ ಯಾವ ಚಾವಡಿಯನ್ನೂ ನೆಚ್ಚದೆ ರೈತರ ಕೊಟ್ಟಿಗೆಯಲ್ಲೇ ಉಳಿದು ಬಂತು. ಬೂದಿ ಬಣ್ಣದ ಮೈ, ಹಿಂದಕ್ಕೆ ಬಾಗಿ ಏರುವ ಚೂಪುಗೊಂಬು, ಬಿಗಿಯಾದ ಕಾಲು. ಹಾಸನ, ಮಂಡ್ಯ, ಮೈಸೂರು, ತುಮಕೂರು ಇದರ ತವರು. 2000ದಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿ ತಂದಿತು. ಡೇರಿಗೆ ಹಾಲು ಹಾಕುವ ಮನೆಯಲ್ಲಿ ಸೀಮೆಹಸುವಿಗೂ ‘ರಾಸು ವಿಮೆ’ ಮಾಡಿಸುತ್ತಾರೆ, ನಿಜ. ಆದರೆ ಜಾತ್ರೆಯಲ್ಲಿ ‘ಒಳ್ಳೆ ರಾಸು’ ಅಂದರೆ ಎದುರಿಗೆ ನಿಲ್ಲುವುದು ಈ ನಾಟಿ ಜೋಡಿಯೇ. ‘ದನ ಕಾಯೋಕೆ ಹೋಗು’ ಎಂದು ಬೈಯುವವರುಂಟು. ರಾಸು ಎಂಬ ಮಾತು ಮಾತ್ರ ಬೈಗುಳಕ್ಕೆ ಇಳಿದಿಲ್ಲ.

ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ, ಕಾವೇರಿ ದಂಡೆಯ ಸುಬ್ರಹ್ಮಣ್ಯ ಷಷ್ಠಿಯ ಜಾತ್ರೆಗೂ ರಾಸುಗಳು ಬರುತ್ತವೆ. ಈಗ ಅವುಗಳ ಕಿವಿಯಲ್ಲಿ ಹಳದಿ ಓಲೆ, ಅದರ ಮೇಲೆ 12 ಅಂಕಿಯ ಸಂಖ್ಯೆ. ತಲೆ ಎಣಿಸುತ್ತಿದ್ದ ಸರ್ಕಾರ ಕಿವಿ ಎಣಿಸತೊಡಗಿದೆ. ಕೊಳ್ಳುವವನು ಆ ಅಂಕಿಯತ್ತ ನೋಡದೆ ಮೂಗುದಾರಕ್ಕೆ ಕೈ ಹಾಕುತ್ತಾನೆ.

“ಎಷ್ಟಲ್ಲಣ್ಣ?”

“ಇನ್ನೂ ಹಾಲಲ್ಲು ಕಣಣ್ಣ, ನೀನೇ ನೋಡು.”