ಕುರು ಒಬ್ಬರಿಗೆ, ಚಿಕಿತ್ಸೆ ಮನೆಗೆಲ್ಲ

ಗಂಡನ ತೊಡೆಯ ಮೇಲೆ ಕುರು ಎದ್ದರೆ ಮನೆಯಲ್ಲಿ ಯಾರೂ ಗಾಬರಿಯಾಗುವುದಿಲ್ಲ. ‘ಉಷ್ಣ ಆಗಿದೆ ಕಣಪ್ಪ, ಎಳನೀರು ಕುಡಿ’ ಎಂದು ಅಮ್ಮ ಹೇಳುವಲ್ಲಿಗೆ ಮಾತು ಮುಗಿಯುತ್ತದೆ. ತಿಂಗಳೊಪ್ಪತ್ತಿನಲ್ಲಿ ಸೊಂಟದ ಹತ್ತಿರ ಇನ್ನೊಂದು ಬಂದಾಗ ಮಾವಿನಹಣ್ಣು ನಿಲ್ಲುತ್ತದೆ, ನಂಜು ಎಂಬ ಕಾರಣಕ್ಕೆ ಬದನೆಕಾಯಿ ಅಡುಗೆಮನೆಯಿಂದ ಹೊರಬೀಳುತ್ತದೆ. ಮೂರನೆಯದು ಎದ್ದಾಗ ಹೆಂಡತಿಗೆ ನಿಜವಾದ ಭಯ ಹಿಡಿಯುತ್ತದೆ. ಇವರ ರಕ್ತವೇ ಕೆಟ್ಟಿದೆಯೇ? ಮಕ್ಕಳಿಗೂ ಹರಡುತ್ತದೆಯೇ? ಒಂದೇ ಹಾಸಿಗೆಯಲ್ಲಿ ಮಲಗಬಹುದೇ?

ಈ ಪ್ರಶ್ನೆಗಳಿಗೆ ವಿಜ್ಞಾನದ ಬಳಿ ಸ್ಪಷ್ಟವಾದ, ಬಹುಪಾಲು ಸಮಾಧಾನ ಕೊಡುವ ಉತ್ತರಗಳಿವೆ. ರಕ್ತ ಕೆಟ್ಟಿಲ್ಲ, ಬದನೆಕಾಯಿಯದು ಏನೂ ತಪ್ಪಿಲ್ಲ. ಮತ್ತೆ ಮತ್ತೆ ಬರುವ ಕುರುವಿನ ಹಿಂದೆ ಹೆಚ್ಚಾಗಿ ಒಂದು ಬ್ಯಾಕ್ಟೀರಿಯಾ ಇರುತ್ತದೆ. ಅದು ಕುರು ಎದ್ದವರ ಮೈಮೇಲೆ ಮಾತ್ರವಲ್ಲ, ಮನೆಯ ಇತರರ ಮೂಗಿನಲ್ಲಿ, ಬಚ್ಚಲಿನ ಟವೆಲ್ಲಿನಲ್ಲಿ, ದಿಂಬಿನ ಕವರಿನಲ್ಲಿ ಕೂಡ ಇರಬಹುದು. ಆದ್ದರಿಂದ ಚಿಕಿತ್ಸೆಯೂ ಇಡೀ ಮನೆಯದಾಗಬೇಕು.

ಮೂಗಿನಲ್ಲಿ ಮನೆ ಮಾಡಿದ ಅತಿಥಿ

1880ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ನಗರದ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್‌ಸ್ಟನ್ ರೋಗಿಗಳ ಕೀವನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡುತ್ತಿದ್ದರು. ಗುಂಡಗಿನ ಜೀವಿಗಳು ಗೊಂಚಲು ಗೊಂಚಲಾಗಿ ಕಂಡವು. ಗಾಯ ಮಾಯುವಾಗ ಕೀವಾಗುವುದು ಸಹಜ, ಒಳ್ಳೆಯದು ಕೂಡ ಎಂದು ನಂಬಿದ್ದ ವೈದ್ಯರು ಆಗ ಬಹಳ ಮಂದಿ. ಕೀವಿಗೆ ಒಂದು ಜೀವಿ ಕಾರಣ ಎಂದು ಆಗ್‌ಸ್ಟನ್ ತೋರಿಸಿದರು. ಆ ಗೊಂಚಲು ಜೀವಿಗಳಲ್ಲಿ ನಮ್ಮನ್ನು ಹೆಚ್ಚು ಕಾಡುವುದು ಸ್ಟಫೈಲೊಕಾಕಸ್ ಆರಿಯಸ್. ವೈದ್ಯರ ಬಾಯಲ್ಲಿ ಇದು ಬರೀ ‘ಸ್ಟಾಫ್’.

ಯಾವುದೇ ಊರಿನಲ್ಲಿ ನೂರು ಆರೋಗ್ಯವಂತರನ್ನು ಪರೀಕ್ಷಿಸಿದರೆ ಸುಮಾರು 30 ಜನರ ಮೂಗಿನ ಹೊಳ್ಳೆಯ ಮುಂಭಾಗದಲ್ಲಿ ಸ್ಟಾಫ್ ಸಿಗುತ್ತದೆ. ಗಂಟಲು, ಕಂಕುಳು, ತೊಡೆಸಂದುಗಳಲ್ಲೂ ಅದು ಇರಬಲ್ಲದು. ಇವರಲ್ಲಿ ಬಹುಪಾಲು ಜನರಿಗೆ ಅದರಿಂದ ಏನೂ ತೊಂದರೆಯಿಲ್ಲ. ಚರ್ಮ ಗಟ್ಟಿಯಾಗಿ ಇರುವವರೆಗೆ ಅದು ಹೊರಗೇ ಉಳಿಯುತ್ತದೆ. ರೇಜರ್ ಎಳೆದ ಗೀರು, ಕೆರೆದುಕೊಂಡ ಸೆಕೆಗುಳ್ಳೆ, ಸೊಳ್ಳೆ ಕಚ್ಚಿದ ಜಾಗ, ಬಿಗಿಯಾದ ಬಟ್ಟೆ ಉಜ್ಜಿ ಉಜ್ಜಿ ಸವೆದ ಚರ್ಮ – ಇಂಥ ಒಂದು ಸಣ್ಣ ಬಿರುಕು ಸಿಕ್ಕರೆ ಒಳಗೆ ನುಗ್ಗುತ್ತದೆ. ಬೇಸಿಗೆಯಲ್ಲಿ ಕುರು ಹೆಚ್ಚು ಎಂಬ ನಮ್ಮ ಹಿರಿಯರ ಅನುಭವ ಸುಳ್ಳಲ್ಲ. ಕಾರಣ ಮಾವಿನಹಣ್ಣಲ್ಲ, ಬೆವರು, ತುರಿಕೆ ಮತ್ತು ಉಗುರು.

ದಡಾರ ಒಮ್ಮೆ ಬಂದು ಹೋದರೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ. ಸ್ಟಾಫ್ ವಿಷಯದಲ್ಲಿ ಆ ಭಾಗ್ಯವಿಲ್ಲ. ನಮ್ಮ ದೇಹ ತಯಾರಿಸುವ ಪ್ರತಿಕಾಯಗಳನ್ನು ಅದು ‘ಪ್ರೊಟೀನ್ ಎ’ ಎಂಬ ಅಣುವಿನಿಂದ ತಲೆಕೆಳಗಾಗಿ ಹಿಡಿದುಬಿಡುತ್ತದೆ, ಹಾಗಾಗಿ ಅವು ಕೆಲಸಕ್ಕೆ ಬಾರದಂತಾಗುತ್ತವೆ. ಹೊನ್ನಿನ ಬಣ್ಣ ಕೊಡುವ ಅದರ ವರ್ಣದ್ರವ್ಯಕ್ಕೂ ಒಂದು ಕೆಲಸವಿದೆ: ಬಿಳಿರಕ್ತಕಣಗಳು ಎರಚುವ ಆಕ್ಸಿಡೀಕಾರಕಗಳನ್ನು ಅದು ತಡೆದುಕೊಳ್ಳುತ್ತದೆ. ಹತ್ತು ಸಲ ಕುರುವಾದರೂ ಹನ್ನೊಂದನೆಯ ಸಲಕ್ಕೆ ದೇಹ ಪಾಠ ಕಲಿತಿರುವುದಿಲ್ಲ. ಇದರ ವಿರುದ್ಧ ಬಳಕೆಗೆ ಬಂದ ಲಸಿಕೆಯೂ ಇಲ್ಲ.

ಮಾತ್ರೆ ಏಕೆ ಸೋಲುತ್ತದೆ?

ಕುರು ಎಂದರೆ ಚರ್ಮದೊಳಗಿನ ಒಂದು ಕೋಟೆ. ಸ್ಟಾಫ್ ಬಿಡುಗಡೆ ಮಾಡುವ ಕಿಣ್ವಗಳು ನಮ್ಮದೇ ರಕ್ತದ ಹೆಪ್ಪುಗಟ್ಟಿಸುವ ಅಂಶವನ್ನು ಬಳಸಿಕೊಂಡು ಸುತ್ತ ಫೈಬ್ರಿನ್ ಗೋಡೆ ಕಟ್ಟುತ್ತವೆ. ಒಳಗೆ ಬ್ಯಾಕ್ಟೀರಿಯಾ, ಸತ್ತ ಬಿಳಿರಕ್ತಕಣಗಳು, ಕರಗಿದ ಅಂಗಾಂಶ. ನಾವು ಕೀವು ಎನ್ನುವುದು ಇದನ್ನೇ. ಆ ನಡುವಿನ ಜಾಗಕ್ಕೆ ರಕ್ತದ ಹರಿವಿಲ್ಲ. ನುಂಗಿದ ಮಾತ್ರೆ ರಕ್ತದ ಮೂಲಕವೇ ಹೋಗಬೇಕಾದ್ದರಿಂದ ಅಲ್ಲಿಗೆ ಸಾಕಷ್ಟು ತಲುಪುವುದಿಲ್ಲ.

ಆದ್ದರಿಂದಲೇ ದೊಡ್ಡ ಕುರುವಿಗೆ ಮೊದಲ ಮದ್ದು ಕೊಯ್ದು ಕೀವು ತೆಗೆಯುವುದು. 2016ರಲ್ಲಿ ಅಮೆರಿಕದ ತುರ್ತು ಚಿಕಿತ್ಸಾ ಘಟಕಗಳಲ್ಲಿ 1200ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಅಧ್ಯಯನವೊಂದು ಪ್ರಕಟವಾಯಿತು. ಎಲ್ಲರಿಗೂ ಕುರು ಕೊಯ್ದು ಕೀವು ತೆಗೆಯಲಾಗಿತ್ತು. ಆಮೇಲೆ ಹುಸಿಮಾತ್ರೆ ಪಡೆದವರಲ್ಲಿ ನೂರಕ್ಕೆ 74ರಷ್ಟು ಜನ ಗುಣವಾದರು, ಕೋಟ್ರೈಮೋಕ್ಸಜೋಲ್ ಎಂಬ ಹಳೆಯ ಆಂಟಿಬಯೋಟಿಕ್ ಪಡೆದವರಲ್ಲಿ ನೂರಕ್ಕೆ 80ರಷ್ಟು. ಆಂಟಿಬಯೋಟಿಕ್‌ನಿಂದ ಲಾಭವಿದೆ, ಆದರೆ ಕೆಲಸದ ದೊಡ್ಡ ಪಾಲು ಕೀವು ಹೊರಹೋಗುವುದರಿಂದಲೇ ಆಗುತ್ತದೆ.

ಹಾಗೆಂದು ಮನೆಯಲ್ಲೇ ಹಿಸುಕುವುದು ಬೇಡ. ಹಿಸುಕಿದಾಗ ಕೀವು ಹೊರಗೆ ಬರುವಷ್ಟೇ ಸುಲಭವಾಗಿ ಆಳಕ್ಕೂ ಇಳಿಯುತ್ತದೆ. ಮೂಗು ಮತ್ತು ಮೇಲ್ತುಟಿಯ ಸುತ್ತಲಿನ ಕುರುವನ್ನಂತೂ ಮುಟ್ಟಲೇಬಾರದು. ಅಲ್ಲಿನ ರಕ್ತನಾಳಗಳಿಗೆ ಮೆದುಳಿನ ಬುಡದ ನಾಳಗಳೊಂದಿಗೆ ನೇರ ಸಂಪರ್ಕವಿದೆ. ಸುಣ್ಣ–ಬೆಲ್ಲ ಮೆತ್ತುವ ರೂಢಿಯೂ ಒಳ್ಳೆಯದಲ್ಲ. ಸುಣ್ಣ ಪ್ರಬಲ ಕ್ಷಾರ, ಸುತ್ತಲಿನ ಚರ್ಮವನ್ನು ಸುಡುತ್ತದೆ. ಸಣ್ಣ ಕುರುವಿಗೆ ಮಾಡಬಹುದಾದದ್ದು ಶುದ್ಧ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ದಿನಕ್ಕೆ ಮೂರು ನಾಲ್ಕು ಸಲ ಹತ್ತು ನಿಮಿಷ ಶಾಖ ಕೊಡುವುದು. ಹಣ್ಣಾದ ಕುರು ತಾನಾಗಿ ಒಡೆಯುತ್ತದೆ.

ಹೋದ ಸಲದ ಮಾತ್ರೆ ಈ ಸಲ ನಾಟದು

ಪೆನಿಸಿಲಿನ್ ಬಳಕೆಗೆ ಬಂದು ಹತ್ತು ವರ್ಷವೂ ತುಂಬುವ ಮೊದಲೇ, 1940ರ ದಶಕದ ಕೊನೆಗೆ, ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಸಿಕ್ಕ ಸ್ಟಾಫ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅದಕ್ಕೆ ಬಗ್ಗುತ್ತಿರಲಿಲ್ಲ. 1959ರಲ್ಲಿ ಮೆಥಿಸಿಲಿನ್ ಬಂತು. 1961ರಲ್ಲಿ ಅದನ್ನೂ ಮೀರಿದ ತಳಿ ಬ್ರಿಟನ್ನಿನಲ್ಲಿ ವರದಿಯಾಯಿತು. ಇದೇ ಎಂಆರ್‌ಎಸ್‌ಎ. ಪೆನಿಸಿಲಿನ್ ಕುಲದ ಔಷಧಗಳು ಬ್ಯಾಕ್ಟೀರಿಯಾದ ಕೋಶಭಿತ್ತಿ ಕಟ್ಟುವ ಪ್ರೊಟೀನಿಗೆ ಅಂಟಿಕೊಂಡು ಅದರ ಕೆಲಸ ನಿಲ್ಲಿಸುತ್ತವೆ. ಎಂಆರ್‌ಎಸ್‌ಎ ಬಳಿ ಈ ಔಷಧಗಳು ಅಂಟಿಕೊಳ್ಳಲಾಗದ ಬೇರೆಯೇ ಪ್ರೊಟೀನ್ ಇದೆ. ಅಮಾಕ್ಸಿಸಿಲಿನ್ ನುಂಗಿದರೂ ಅದರ ಗೋಡೆ ಕಟ್ಟುವ ಕೆಲಸ ಸಾಗುತ್ತಲೇ ಇರುತ್ತದೆ.

ಮೊದಲು ಆಸ್ಪತ್ರೆಗಳ ಒಳಗಷ್ಟೇ ಇದ್ದ ಈ ತಳಿಗಳು 1990ರ ದಶಕದಿಂದ ಮನೆ, ಶಾಲೆ, ಆಟದ ತಂಡಗಳಲ್ಲೂ ಕಾಣಿಸಿಕೊಂಡವು. ಭಾರತದ ಹಲವು ಆಸ್ಪತ್ರೆಗಳ ಜಾಲವೊಂದು 2008–09ರಲ್ಲಿ ಸಂಗ್ರಹಿಸಿದ ಸ್ಟಾಫ್ ಮಾದರಿಗಳಲ್ಲಿ ನೂರಕ್ಕೆ 41ರಷ್ಟು ಎಂಆರ್‌ಎಸ್‌ಎ ಆಗಿದ್ದವು. ‘ಬೆಂಗಾಲ್ ಬೇ’ ಎಂದೇ ಹೆಸರಾದ ಎಸ್‌ಟಿ772 ತಳಿ ಹುಟ್ಟಿದ್ದು ನಮ್ಮ ಉಪಖಂಡದಲ್ಲಿ.

ಹೀಗಿರುವಾಗ ಮೆಡಿಕಲ್ ಶಾಪಿನ ಹುಡುಗ ಊಹಿಸಿ ಕೊಟ್ಟ ಮಾತ್ರೆಯನ್ನು ಎರಡು ದಿನ ನುಂಗಿ ಬಿಡುವುದು ಇದ್ದುದರಲ್ಲೇ ಕೆಟ್ಟ ದಾರಿ. ಅದರಿಂದ ಬಗ್ಗುವ ತಳಿಗಳು ಸಾಯುತ್ತವೆ, ಬಗ್ಗದವು ಉಳಿದು ಮನೆಯಲ್ಲಿ ನೆಲೆಯೂರುತ್ತವೆ. ಸ್ಟೆರಾಯ್ಡ್ ಬೆರೆಸಿದ ಮುಲಾಮು ಇನ್ನೂ ಅಪಾಯಕಾರಿ. ಅದು ಕೆಂಪು, ತುರಿಕೆಗಳನ್ನು ಅಡಗಿಸಿ ಗುಣವಾದ ಭ್ರಮೆ ಹುಟ್ಟಿಸುತ್ತದೆ. ಒಳಗೆ ಚರ್ಮದ ರಕ್ಷಣೆ ಕುಸಿಯುತ್ತದೆ.

ಎರಡನೆಯ ಸಲ ಕುರುವಾದಾಗ ಕೇಳಬೇಕಾದದ್ದು ಕೀವಿನ ಕಲ್ಚರ್ ಮತ್ತು ಸೆನ್ಸಿಟಿವಿಟಿ ಪರೀಕ್ಷೆ. ಯಾವ ಬ್ಯಾಕ್ಟೀರಿಯಾ, ಯಾವ ಔಷಧಕ್ಕೆ ಅದು ಸಾಯುತ್ತದೆ ಎಂದು ಎರಡು ಮೂರು ದಿನಗಳಲ್ಲಿ ತಿಳಿಯುತ್ತದೆ. ಎಂಆರ್‌ಎಸ್‌ಎ ಎಂದು ಬಂದರೂ ಹೆದರಬೇಕಿಲ್ಲ. ಕೋಟ್ರೈಮೋಕ್ಸಜೋಲ್, ಡಾಕ್ಸಿಸೈಕ್ಲಿನ್, ಕ್ಲಿಂಡಾಮೈಸಿನ್‌ನಂಥ ಹಳೆಯ ಮಾತ್ರೆಗಳಲ್ಲಿ ಒಂದಲ್ಲ ಒಂದು ಸಾಮಾನ್ಯವಾಗಿ ಕೆಲಸ ಮಾಡುತ್ತದೆ. ಜೊತೆಗೆ ರಕ್ತದ ಸಕ್ಕರೆಯನ್ನೂ ನೋಡಿಸಬೇಕು. ಮರಳಿ ಮರಳಿ ಬರುವ ಕುರು ಎಷ್ಟೋ ಜನರಿಗೆ ಮಧುಮೇಹದ ಮೊದಲ ಸುಳಿವು. ಒಂದೇ ಜಾಗದಲ್ಲಿ, ಮುಖ್ಯವಾಗಿ ಕಂಕುಳು–ತೊಡೆಸಂದಿಯಲ್ಲಿ ಪದೇ ಪದೇ ಎದ್ದು ಕಲೆ ಉಳಿಸುವ ಗಂಟುಗಳು ಸ್ಟಾಫ್ ಅಲ್ಲದ ಬೇರೆ ಚರ್ಮರೋಗವೂ ಆಗಿರಬಹುದು. ಅದನ್ನು ಚರ್ಮತಜ್ಞರು ಗುರುತಿಸಬೇಕು.

ಐದು ದಿನ, ಎಲ್ಲರಿಗೂ

ಔಷಧ ಸರಿಯಾಗಿ ಕೊಟ್ಟು ಕುರು ಮಾಯ್ದ ಮೇಲೂ ಅದು ಮರಳುವುದೇಕೆ? ಅಮೆರಿಕದ ಸೇಂಟ್ ಲೂಯಿಸ್ ನಗರದ ಸಂಶೋಧಕರು ಇದನ್ನು ಕುಟುಂಬಗಳಲ್ಲೇ ಪರೀಕ್ಷಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಸ್ಟಾಫ್ ಸೋಂಕಾಗಿದ್ದ ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದರಲ್ಲಿ ಮಗುವಿಗೆ ಮಾತ್ರ ಐದು ದಿನ ಬ್ಯಾಕ್ಟೀರಿಯಾ ತೊಲಗಿಸುವ ಕ್ರಮ, ಇನ್ನೊಂದರಲ್ಲಿ ಮನೆಯ ಎಲ್ಲರಿಗೂ ಅದೇ ಕ್ರಮ. ಒಂದು ವರ್ಷದೊಳಗೆ ಮಗುವಿಗೆ ಮಾತ್ರ ಚಿಕಿತ್ಸೆಯಾದ ಗುಂಪಿನಲ್ಲಿ ನೂರಕ್ಕೆ 72 ಮಕ್ಕಳಿಗೆ ಸೋಂಕು ಮರಳಿತು. ಎಲ್ಲರಿಗೂ ಚಿಕಿತ್ಸೆಯಾದ ಮನೆಗಳಲ್ಲಿ ನೂರಕ್ಕೆ 52 ಮಕ್ಕಳಿಗೆ. ಪೂರ್ತಿ ಗೆಲುವಲ್ಲ ನಿಜ. ಆದರೆ ಮಾತ್ರೆ ಬದಲಿಸದೆ, ಮನೆಮಂದಿಯನ್ನು ಸೇರಿಸಿಕೊಂಡದ್ದರಿಂದಲೇ ಸಿಕ್ಕ ಲಾಭವಿದು.

ಆ ಕ್ರಮ ಸರಳವಾದದ್ದು. ವೈದ್ಯರು ಬರೆದುಕೊಟ್ಟ ಮ್ಯುಪಿರೋಸಿನ್ ಮುಲಾಮನ್ನು ದಿನಕ್ಕೆ ಎರಡು ಸಲ ಎರಡೂ ಹೊಳ್ಳೆಗಳ ಒಳಗೆ ಸವರುವುದು. ಕ್ಲೋರ್‌ಹೆಕ್ಸಿಡಿನ್ ದ್ರಾವಣದಿಂದ, ಕಣ್ಣು ಕಿವಿಗಳಿಗೆ ತಾಗದಂತೆ, ದಿನವೂ ಮೈ ತೊಳೆಯುವುದು. ಕಂಕುಳು, ತೊಡೆಸಂದು, ಪೃಷ್ಠಗಳನ್ನು ಮರೆಯಬಾರದು. ಅದೇ ಐದು ದಿನ ಟವೆಲ್, ಒಳಉಡುಪು, ಹಾಸಿಗೆ ಹೊದಿಕೆ, ದಿಂಬಿನ ಕವರುಗಳನ್ನು ದಿನಾ ಬಿಸಿನೀರಿನಲ್ಲಿ ಒಗೆದು ಚೆನ್ನಾಗಿ ಒಣಗಿಸುವುದು. ಈ ಮೂರೂ ಒಟ್ಟಿಗೆ, ಎಲ್ಲರಿಗೂ, ಒಂದೇ ಐದು ದಿನಗಳಲ್ಲಿ ಆಗಬೇಕು. ಗಂಡ ಈ ವಾರ, ಹೆಂಡತಿ ಮುಂದಿನ ವಾರ ಎಂದರೆ ಒಬ್ಬರ ಮೂಗಿನಿಂದ ಹೋದದ್ದು ಇನ್ನೊಬ್ಬರ ಮೂಗಿನಿಂದ ಮರಳುತ್ತದೆ. ಮ್ಯುಪಿರೋಸಿನ್ನನ್ನು ತೋಚಿದಾಗಲೆಲ್ಲ ಹಚ್ಚಿದರೆ ಅದಕ್ಕೂ ಬಗ್ಗದ ತಳಿಗಳು ಬೆಳೆಯುತ್ತವೆ; ಆದ್ದರಿಂದ ಐದೇ ದಿನ.

ಸ್ಟಾಫ್ ಒಣ ವಸ್ತುಗಳ ಮೇಲೆ ದಿನಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬದುಕಬಲ್ಲದು. ಟವೆಲ್, ರೇಜರ್, ಬಾಚಣಿಗೆ, ನೇಲ್ ಕಟರ್ ಒಬ್ಬೊಬ್ಬರಿಗೆ ಒಂದೊಂದು ಇರಲಿ. ಎಲ್ಲರೂ ಉಜ್ಜುವ ಒಂದೇ ಸೋಪಿನ ಬದಲು ಒತ್ತಿ ಸುರಿಯುವ ಸೋಪಿನ ದ್ರವ ಒಳ್ಳೆಯದು.

ಗಾಯಕ್ಕೆ ಬಟ್ಟೆ ಕಟ್ಟುವಾಗ

ಮನೆಯಲ್ಲಿ ಡ್ರೆಸ್ಸಿಂಗ್ ಮಾಡುವವರು ಹೆಚ್ಚಾಗಿ ಸಂಗಾತಿಯೇ. ಮೊದಲು ಒಂದು ಸ್ವಚ್ಛ ತಟ್ಟೆಯಲ್ಲಿ ಹೊಸ ಗಾಜ್, ಟೇಪು, ಕತ್ತರಿ ಜೋಡಿಸಿಕೊಳ್ಳಿ. ಪಕ್ಕದಲ್ಲಿ ಬಾಯಿ ತೆರೆದ ಪ್ಲಾಸ್ಟಿಕ್ ಚೀಲ ಇರಲಿ. ಕೈ ತೊಳೆದು ಗ್ಲೋವ್ಸ್ ಹಾಕಿ ಹಳೆಯ ಗಾಜನ್ನು ಬಿಡಿಸಿ. ಅಂಟಿಕೊಂಡಿದ್ದರೆ ಎಳೆಯದೆ, ಕುದಿಸಿ ಆರಿಸಿದ ನೀರು ಹನಿಸಿ ನೆನೆಸಿ. ಕೀವಿನ ಬಣ್ಣ, ವಾಸನೆ, ಸುತ್ತಲಿನ ಕೆಂಪು ಎಷ್ಟಿದೆ ಎಂದು ನೋಡಿ. ಕೆಂಪಿನ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದಿಟ್ಟರೆ ಮರುದಿನ ಅದು ದಾಟಿದೆಯೇ ಎಂದು ಕಣ್ಣಿಗೇ ಕಾಣುತ್ತದೆ. ಹಳೆಯ ಗಾಜ್, ಗ್ಲೋವ್ಸ್ ಎರಡನ್ನೂ ಚೀಲಕ್ಕೆ ಹಾಕಿ ಗಂಟು ಕಟ್ಟಿ, ಮತ್ತೆ ಕೈ ತೊಳೆದು ಹೊಸ ಗಾಜ್ ಮುಚ್ಚಿ. ಕೊನೆಗೆ ಇನ್ನೊಮ್ಮೆ ಸೋಪು ಹಾಕಿ ಕೈ ತೊಳೆಯಿರಿ.

ಜ್ವರ, ನಡುಕ, ಗೆರೆ ದಾಟಿ ಓಡುವ ಕೆಂಪು, ಕುರುವಿನ ಗಾತ್ರಕ್ಕೆ ಮೀರಿದ ನೋವು, ಮುಖದ ಮೇಲಿನ ಕುರು – ಇವುಗಳಲ್ಲಿ ಯಾವುದಿದ್ದರೂ ಬೆಳಗಾಗಲಿ ಎಂದು ಕಾಯಬೇಡಿ. ಮಧುಮೇಹ ಇರುವವರಿಗೆ, ಬಸುರಿಯರಿಗೆ, ಹಸುಗೂಸು ಇರುವ ಮನೆಗೆ ಇನ್ನಷ್ಟು ಎಚ್ಚರ ಬೇಕು.

ದೂರ ಮಾಡಬೇಡಿ

ಈ ಕಾಯಿಲೆಯಲ್ಲಿ ನೋವಿಗಿಂತ ನಾಚಿಕೆ ದೊಡ್ಡದು. ‘ಗಲೀಜು, ಅದಕ್ಕೇ ಹೀಗಾಗುತ್ತದೆ’ ಎಂಬ ಮಾತು ಕೇಳಿದವರು ಎರಡು ಹೊತ್ತು ಸ್ನಾನ ಮಾಡಿ, ಒರಟು ಸ್ಕ್ರಬ್ಬರಿನಿಂದ ಮೈ ತಿಕ್ಕಿ ಚರ್ಮವನ್ನು ಇನ್ನಷ್ಟು ಗೀರಿಕೊಳ್ಳುತ್ತಾರೆ. ದಿನವೂ ಶುಚಿಯಾಗಿರುವವರಿಗೂ ಈ ಸೋಂಕು ಬರುತ್ತದೆ. ಇದಕ್ಕೆ ಯಾರನ್ನೂ ದೂರಬೇಕಿಲ್ಲ. ಮೂಲತಃ ಬ್ಯಾಕ್ಟೀರಿಯಾವನ್ನು ಮನೆಗೆ ತಂದವರು ಯಾರು ಎಂಬುದೂ ತಿಳಿಯುವುದಿಲ್ಲ. ಕುರು ಎದ್ದವರಲ್ಲದೆ, ಯಾವ ಗುಳ್ಳೆಯೂ ಏಳದ ಇನ್ನೊಬ್ಬರೂ ಆಗಿರಬಹುದು.

ತಟ್ಟೆ ಲೋಟ ಬೇರೆ ಇಡಬೇಕಿಲ್ಲ, ಜೊತೆಗೆ ಕೂತು ಉಣ್ಣಬಹುದು. ಗಾಯ ಪೂರ್ತಿ ಮುಚ್ಚಿದ್ದು ಕೀವು ಹೊರಗೆ ಸೋರದಿದ್ದರೆ ಮಕ್ಕಳು ಅಪ್ಪನ ಪಕ್ಕ ಕೂರಬಹುದು, ಗಂಡ ಹೆಂಡತಿ ಒಂದೇ ಹಾಸಿಗೆಯಲ್ಲಿ ಮಲಗಬಹುದು. ಗಾಯಕ್ಕೆ ಚರ್ಮ ತಾಗುವಂಥ ಸಂಪರ್ಕ ಮಾತ್ರ ಅದು ಮಾಯುವವರೆಗೆ ಬೇಡ.

ಮನುಷ್ಯನ ಮೂಗಿನಲ್ಲೇ ಇದಕ್ಕೆ ಎದುರಾಳಿಯೂ ಇದೆ. 2016ರಲ್ಲಿ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮೂಗಿನಲ್ಲಿರುವ ಸ್ಟಫೈಲೊಕಾಕಸ್ ಲುಗ್ಡುನೆನ್ಸಿಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಆರಿಯಸ್ಸನ್ನು ಕೊಲ್ಲುವ ಲುಗ್ಡುನಿನ್ ಎಂಬ ರಾಸಾಯನಿಕ ತಯಾರಿಸುವುದನ್ನು ಕಂಡುಹಿಡಿದರು. ಮುಂದೊಂದು ದಿನ ಇದರಿಂದ ಹೊಸ ಔಷಧ ಬರಬಹುದು. ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಕಲ್ಚರ್ ಪರೀಕ್ಷೆ, ಸರಿಯಾದ ಮಾತ್ರೆ, ಇಡೀ ಮನೆ ಸೇರಿ ಪಾಲಿಸುವ ಐದು ದಿನಗಳ ಶಿಸ್ತು.

ಆದ್ದರಿಂದ ಇನ್ನೊಮ್ಮೆ ಕುರು ಎದ್ದಾಗ ವೈದ್ಯರ ಬಳಿ ಒಬ್ಬರೇ ಹೋಗಬೇಡಿ, ಇಬ್ಬರೂ ಹೋಗಿ. ಮೂರು ಪ್ರಶ್ನೆ ಕೇಳಿ: ಇದನ್ನು ಕೊಯ್ದು ಕೀವು ತೆಗೆಯಬೇಕೇ? ಕೀವನ್ನು ಕಲ್ಚರಿಗೆ ಕಳಿಸುತ್ತೀರಾ? ಮನೆಯ ಎಲ್ಲರಿಗೂ ಚಿಕಿತ್ಸೆ ಬೇಕೇ? ಮೊದಲೆರಡು ಪ್ರಶ್ನೆ ಈಗಿನ ಕುರುವಿಗೆ. ಮೂರನೆಯದು ಮುಂದೆ ಬರಬಹುದಾದದ್ದನ್ನು ತಡೆಯುವುದಕ್ಕೆ.